ಎದುರು ನಿಂತವಳು

ನನಗೆ ನಾಟ್ಯದ ಆಸೆ ಹುಟ್ಟಿದ್ದು ನಾಟ್ಯ ನೋಡಿ ಅಲ್ಲ, ನಾಟ್ಯ ಮಾಡಿದವಳಿಗೆ ಬಿದ್ದ ಚಪ್ಪಾಳೆ ಕೇಳಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಕಲಾವಿದೆ ಎಂದು ತಪ್ಪು ತಿಳಿಯುವುದು ಬೇಡ. ಶಾಲೆಯ ವಾರ್ಷಿಕೋತ್ಸವದಲ್ಲಿ ನಮ್ಮ ತರಗತಿಯ ಹುಡುಗಿಯೊಬ್ಬಳು ಕುಣಿದಳು. ಸರಸ್ವತಿಪುರಂನ ವಕೀಲರೊಬ್ಬರ ಮಗಳು, ದಿನಾ ಜಟಕಾದಲ್ಲಿ ಶಾಲೆಗೆ ಬರುತ್ತಿದ್ದವಳು. ಹತ್ತು ನಿಮಿಷ ಕುಣಿದಿರಬೇಕು. ಮುಗಿದಾಗ ನಮ್ಮ ಹೆಡ್‌ಮಿಸ್ಟ್ರೆಸ್ಸು ತಾವೇ ಎದ್ದು ಹೋಗಿ ಅವಳ ತಲೆಯ ಮೇಲೆ ಕೈಯಿಟ್ಟರು. ಅದೇ ದಿನ ದುಂಡಗಿನ ಅಕ್ಷರಕ್ಕೆಂದು ನನಗೂ ಒಂದು ಬಹುಮಾನ ಬಂದಿತ್ತು, ಒಂದು ಸೋಪಿನ ಡಬ್ಬಿ. ಅದನ್ನು ನನ್ನ ಕೈಗೆ ಕೊಡುವಾಗ ಬಂದಿದ್ದ ಅತಿಥಿಗಳು ಪಕ್ಕದವರ ಜೊತೆ ಮಾತಾಡುತ್ತಿದ್ದರು.

ಎಂಟು ದಿನ ನನಗೆ ಅನ್ನ ಸೇರಲಿಲ್ಲ. ಹೊಟ್ಟೆಕಿಚ್ಚು ಅನ್ನುವ ಮಾತನ್ನು ಯಾರು ಕಟ್ಟಿದರೋ, ಬಲ್ಲವರೇ ಕಟ್ಟಿದ್ದಾರೆ. ಅದು ತಲೆಯಲ್ಲಿ ಇರುವುದಿಲ್ಲ, ಎದೆಯಲ್ಲೂ ಇರುವುದಿಲ್ಲ, ಸರಿಯಾಗಿ ಹೊಟ್ಟೆಯಲ್ಲೇ ಕೂತಿರುತ್ತದೆ. ಒಂಬತ್ತನೆಯ ದಿನ ಅಮ್ಮನ ಹತ್ತಿರ ಹೋಗಿ, ನನ್ನನ್ನೂ ನಾಟ್ಯಕ್ಕೆ ಸೇರಿಸು ಎಂದೆ.

ನಮ್ಮದು ಲಷ್ಕರ್ ಮೊಹಲ್ಲಾದ ಹಳೆಯ ಮನೆ. ಮುಂದುಗಡೆ ಅಪ್ಪನ ಗ್ರಂಥಿಗೆ ಅಂಗಡಿ. ವಿಭೂತಿ, ಕರ್ಪೂರ, ಅಳಲೆಕಾಯಿ, ಶುಂಠಿ, ಬಜೆ, ಏನು ಕೇಳಿದರೂ ಸಿಗುತ್ತಿತ್ತು. ಹಿಂದುಗಡೆ ನಾವಿದ್ದೆವು. ಮನೆಯಲ್ಲಿ ಅಪ್ಪನ ಮಾತಿಗಿಂತ ಅಜ್ಜಿಯ ಮಾತು ದೊಡ್ಡದು. ಅಜ್ಜಿ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತರೆ ಅಂಗಡಿಯ ತಕ್ಕಡಿ ಕೂಡ ಸದ್ದು ಮಾಡಬಾರದು. ವರ್ಷಕ್ಕೊಮ್ಮೆ ಮಠದ ಸ್ವಾಮಿಗಳ ಪಾದಪೂಜೆ ನಡೆಯುವ ಮನೆ ಬೇರೆ. ನಾಟ್ಯದ ಮಾತು ಕಿವಿಗೆ ಬಿದ್ದದ್ದೇ ತಡ ಅಜ್ಜಿ ಜಪ ಬಿಟ್ಟು ಎದ್ದು ಬಂದರು.

“ಗೌರವಸ್ಥರ ಮನೆ ಹೆಣ್ಣುಮಕ್ಕಳು ಗೆಜ್ಜೆ ಕಟ್ಟೋದುಂಟೇನೇ? ನಾಳೆ ಸ್ವಾಮಿಗಳು ಬಂದಾಗ ಏನಂತ ಹೇಳ್ಲಿ, ಮೊಮ್ಮಗಳು ಕುಣಿಯೋಕೆ ಹೋಗಿದಾಳೆ, ಸ್ವಲ್ಪ ಕೂತಿರಿ ಬುದ್ಧಿ ಅನ್ಲಾ?”

“ವಕೀಲರ ಮನೆ ಹುಡುಗಿ ಹೋಗಲ್ವಾ ಅಜ್ಜಿ?”

“ಅವರು ಬಾವಿಗೆ ಬಿದ್ರೆ ನೀನೂ ಬೀಳು.”

ಬೀಳುವುದಕ್ಕೆ ನಾನು ತಯಾರಿದ್ದೆ. ಎರಡು ಹೊತ್ತು ಊಟ ಬಿಟ್ಟೆ. ಮೂರನೆಯ ಹೊತ್ತಿಗೆ ಅಪ್ಪ ಅಂಗಡಿಯಿಂದ ಒಳಗೆ ಬಂದು, “ಹೋಗ್ಲಿ ಬುಡವ್ವ, ಈಗೆಲ್ಲ ದೊಡ್ಡದೊಡ್ಡೋರ ಮಕ್ಕಳೇ ಕಲಿತಾವೆ” ಎಂದರು. ಅಜ್ಜಿ ಸೋತರು, ಆದರೆ ಸುಮ್ಮನೆ ಸೋಲಲಿಲ್ಲ. ಒಂದು ಕಟ್ಟು ಹಾಕಿಯೇ ಸೋತರು. ಒಬ್ಬಳೇ ಹೋಗುವ ಹಾಗಿಲ್ಲ. ನನ್ನ ಚಿಕ್ಕಪ್ಪನ ಮಗಳು ಜೊತೆಗೆ ಹೋಗಬೇಕು, ಜೊತೆಗೇ ಬರಬೇಕು. ಅವಳು ಹೋಗದ ದಿನ ನಾನಿಲ್ಲ, ನಾನು ಹೋಗದ ದಿನ ಅವಳಿಗೆ ಹೊಸಿಲು ದಾಟುವ ಕೆಲಸವಿಲ್ಲ.

ಈ ಚಿಕ್ಕಪ್ಪನ ಮಗಳು ಆ ವರ್ಷವಷ್ಟೇ ನಂಜನಗೂಡಿನ ಕಡೆಯ ನಮ್ಮ ಹಳ್ಳಿಯಿಂದ ಬಂದಿದ್ದಳು. ಅಲ್ಲಿ ನಾಲ್ಕನೆಯ ತರಗತಿಗಿಂತ ಮುಂದೆ ಶಾಲೆಯಿಲ್ಲ ಎಂದು ಚಿಕ್ಕಪ್ಪ ಅವಳನ್ನು ನಮ್ಮ ಮನೆಯಲ್ಲಿ ಬಿಟ್ಟುಹೋಗಿದ್ದರು. ನನಗೆ ಹನ್ನೊಂದು, ಅವಳಿಗೆ ಒಂಬತ್ತು. ಕಪ್ಪಗೆ, ಗಟ್ಟಿಯಾಗಿದ್ದಳು. ಮಾತು ಕಡಿಮೆ. ನನ್ನ ಹಳೆಯ ಲಂಗಗಳನ್ನು ಹಾಕಿಕೊಳ್ಳುತ್ತಿದ್ದಳು, ನಾನು ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದಳು. ಅವಳ ಮೇಲೆ ನನಗೆ ಆಗ ಯಾವ ಸಿಟ್ಟೂ ಇರಲಿಲ್ಲ. ಹೊಟ್ಟೆಕಿಚ್ಚು ಪಡುವಂಥದ್ದು ಅವಳಲ್ಲಿ ಏನಿದೆ ಎಂದೇ ನನ್ನ ಲೆಕ್ಕವಾಗಿತ್ತು.

ನಾಟ್ಯಶಾಲೆ ಇದ್ದದ್ದು ನಜರ್‌ಬಾದಿನಲ್ಲಿ, ಮೇಷ್ಟ್ರ ಮನೆಯ ಹಜಾರದಲ್ಲಿ. ಬುಧವಾರ ಮತ್ತು ಭಾನುವಾರ ಸಂಜೆ ಮಕ್ಕಳ ಪಾಠ. ಮೊದಲ ದಿನ ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟುಕೊಂಡು ಅಮ್ಮನೂ ಬಂದರು. ಮೇಷ್ಟ್ರಿಗೆ ಅರವತ್ತರ ಮೇಲೆ ವಯಸ್ಸು. ಬಾಯಲ್ಲಿ ಸದಾ ಎಲೆಯಡಿಕೆ. ಚಾಪೆಯ ಮೇಲೆ ಕೂತು, ಮುಂದೆ ಒಂದು ಮರದ ಹಲಗೆ ಇಟ್ಟುಕೊಂಡು, ಗೇಣುದ್ದದ ಕೋಲಿನಿಂದ ಅದರ ಮೇಲೆ ತಾಳ ತಟ್ಟುವರು. ಮಂಡಿ ಎರಡೂ ಕೆಟ್ಟಿದ್ದವು, ಎದ್ದು ನಿಂತು ತೋರಿಸಲಾರರು. ಬಾಯಲ್ಲಿ ಹೇಳಬೇಕು, ಕೋಲಲ್ಲಿ ತಟ್ಟಬೇಕು, ಅಷ್ಟೇ. ನಾನು ಅವರ ಕಾಲಿಗೆ ನಮಸ್ಕಾರ ಮಾಡಿದೆ. “ನೆಲಕ್ಕೂ ಮಾಡಮ್ಮ, ಇನ್ಮೇಲೆ ದಿನಾ ಅದನ್ನ ತುಳೀಬೇಕಲ್ಲ” ಎಂದರು.

ನನ್ನನ್ನೂ ಸೇರಿಸಿ ಹದಿನಾಲ್ಕು ಹುಡುಗಿಯರಿದ್ದರು. ಮುಂದಿನ ಸಾಲಿನ ನಡುವೆ, ನಾನು ಹೆದರಿದ್ದ ಹಾಗೆಯೇ, ವಕೀಲರ ಮಗಳು. ನನ್ನನ್ನು ಮೇಷ್ಟ್ರು ಎರಡನೆಯ ಸಾಲಿಗೆ ಕಳಿಸಿದರು. ಜೊತೆಗೆ ಬಂದ ತಾಯಂದಿರು, ಅಜ್ಜಿಯರು ಕೂರುವುದಕ್ಕೆ ಮೇಷ್ಟ್ರ ಪಕ್ಕದಲ್ಲಿ ಗೋಡೆಗೆ ಒಂದು ಜಮಖಾನ ಹಾಸಿತ್ತು. ನಮ್ಮವಳು, ಚಿಕ್ಕಪ್ಪನ ಮಗಳು, ಆವತ್ತಿನಿಂದ ಅಲ್ಲಿ ಹೋಗಿ ಕೂತಳು, ನಮಗೆ ಎದುರಾಗಿ, ನನ್ನ ದಾವಣಿಯನ್ನೋ ನೀರಿನ ಚೊಂಬನ್ನೋ ಹಿಡಿದುಕೊಂಡು.

ನಾಟ್ಯ ಕಲಿಯುವುದೆಂದರೆ ಮೊದಲು ಕೂತು ನಿಲ್ಲುವುದನ್ನು ಕಲಿಯುವುದು ಎಂದು ನನಗೆ ಯಾರೂ ಹೇಳಿರಲಿಲ್ಲ. ಅರೆಮಂಡಿ ಅನ್ನುತ್ತಾರೆ. ಹಿಮ್ಮಡಿ ಸೇರಿಸಿ, ಮಂಡಿಯನ್ನು ಎರಡೂ ಕಡೆಗೆ ಬಿಚ್ಚಿ, ಬೆನ್ನು ಬಗ್ಗಿಸದೆ ಅರ್ಧ ಇಳಿಯಬೇಕು. ಇಳಿದು ಹಾಗೇ ಇರಬೇಕು. ಅಲ್ಲೇ ಕಾಲು ಎತ್ತಿ ತಟ್ಟಬೇಕು. “ತೈಯಾ ತೈ” ಎಂದು ಮೇಷ್ಟ್ರು ಶುರು ಮಾಡಿದ ಎರಡೇ ನಿಮಿಷಕ್ಕೆ ನನ್ನ ತೊಡೆ ನಡುಗುತ್ತಿತ್ತು. “ಇಳಿ, ಇಳಿ” ಅನ್ನುವರು. ಇಳಿದರೆ ಹಿಂಭಾಗ ಆಚೆಗೆ ಬರುತ್ತಿತ್ತು. “ಒಳಗೆ” ಅನ್ನುವರು. ಒಳಗೆಳೆದುಕೊಂಡರೆ ಮತ್ತೆ ಮೇಲೆ ಬರುತ್ತಿದ್ದೆ. ಚಪ್ಪಾಳೆ ಎಷ್ಟು ದೂರ ಇದೆ ಎಂದು ಆಗ ತಿಳಿಯಿತು.

ಮನೆಗೆ ಬಂದರೆ ಹಿತ್ತಲಲ್ಲಿ ಅಭ್ಯಾಸ. ಬಾವಿಯ ಪಕ್ಕದ ಕಲ್ಲುಚಪ್ಪಡಿಯ ಮೇಲೆ ನಾನು, ಎದುರುಗಡೆ ಅವಳು. ಯಾರೂ ಅವಳನ್ನು ಕುಣಿ ಎಂದಿರಲಿಲ್ಲ. ನಾನೇ ಒಂದು ದಿನ, “ಬಾಯಲ್ಲಿ ತಾಳ ಹೇಳು” ಎಂದೆ. ಅವಳು ಹೇಳುತ್ತ ಹೇಳುತ್ತ, ಬೇಸರವಾಯಿತೋ ಏನೋ, ತಾನೂ ಲಂಗದ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಇಳಿದಳು. ಇಳಿದಳು ಅಂದರೆ ಸುಮ್ಮನೆ ಇಳಿದಳು, ಪಾತ್ರೆ ತೊಳೆಯುವುದಕ್ಕೆ ಕೂತಷ್ಟು ಸಲೀಸಾಗಿ. ಬೆನ್ನು ಗೋಡೆಯ ಹಾಗೆ ನೇರ. ಕಾಲು ತಟ್ಟಿದರೆ ಕಲ್ಲಿನಿಂದ ಸದ್ದು ಬಂತು. ನನ್ನ ಕಾಲಿನಿಂದ ಎರಡು ತಿಂಗಳಾದರೂ ಬಾರದ ಸದ್ದು.

“ಎಲ್ಲಿ ಕಲ್ತೆ?”

“ಅಲ್ಲೇ ಕುಂತು ನೋಡ್ತೀನಲ್ಲಕ್ಕ.”

ಹೊಟ್ಟೆಯಲ್ಲಿ ಹಳೆಯ ಜಾಗದಲ್ಲೇ ಏನೋ ಹತ್ತಿಕೊಂಡಿತು. ವಕೀಲರ ಮಗಳ ಮೇಲಿನದು ದೂರದ ಕಿಚ್ಚು, ಇದು ಒಲೆಯೊಳಗಿನದು. ಅವಳದ್ದು ನೋಡಿದರೆ ತಡೆದುಕೊಳ್ಳಬಹುದು, ಜಟಕಾ ಇದೆ, ವಕೀಲರಿದ್ದಾರೆ ಎಂದು ಸಮಾಧಾನ ಹೇಳಿಕೊಳ್ಳಬಹುದು. ನನ್ನ ಹಳೆಯ ಲಂಗ ಉಟ್ಟವಳಿಗೆ ಏನೆಂದು ಹೇಳಿಕೊಳ್ಳಲಿ?

ಒಂದು ಸಂಜೆ ಚಪ್ಪಡಿಯ ಅರ್ಧ ಭಾಗದ ಮೇಲೆ ಅಮ್ಮ ಹಪ್ಪಳದ ಹಲಗೆಗಳನ್ನು ತೊಳೆದು ಆರಲು ಇಟ್ಟಿದ್ದರು. ಎದುರುಬದುರು ನಿಲ್ಲಲು ಜಾಗವಿಲ್ಲದೆ ಇಬ್ಬರೂ ಗೋಡೆಗೆ ಮುಖ ಮಾಡಿ ಅಕ್ಕಪಕ್ಕ ನಿಂತೆವು. ಆಗ ಕಂಡಿತು. ನಾನು ಬಲಗಾಲು ತಟ್ಟಿದರೆ ಅವಳು ಎಡಗಾಲು ತಟ್ಟುತ್ತಿದ್ದಳು. ನಾನು ಬಲಗೈ ಚಾಚಿದರೆ ಅವಳು ಎಡಗೈ. ನನಗೆ ಒಂದು ಗಳಿಗೆ ಅರ್ಥವಾಗಲಿಲ್ಲ, ಆಮೇಲೆ ಎಲ್ಲ ಅರ್ಥವಾಯಿತು. ಅವಳು ಇಷ್ಟು ದಿನವೂ ನಮ್ಮ ಎದುರು ಕೂತು ನೋಡಿದ್ದಳು. ಕನ್ನಡಿಯಲ್ಲಿ ಕಂಡಂತೆ ಎಲ್ಲವನ್ನೂ ತಿರುಗಾಮುರುಗಾ ಕಲಿತಿದ್ದಳು. ನಾಟ್ಯದಲ್ಲಿ ಎಲ್ಲಕ್ಕೂ ಮೊದಲು ಬಲಗಾಲು, ಹೊಸ ಸೊಸೆ ಹೊಸಿಲು ದಾಟುವಾಗ ಇಡುವಂತೆ. ಎಡಗಾಲಲ್ಲಿ ಶುರು ಮಾಡಿದವರಿಗೆ ಮೇಷ್ಟ್ರ ಕೋಲು ಕಾಲಿನ ಮೇಲೇ ಬೀಳುತ್ತಿತ್ತು.

ಅವಳು ನಿಲ್ಲಿಸಿ, ಬೆವರು ಒರೆಸಿಕೊಂಡು, ನನ್ನ ಮುಖ ನೋಡಿದಳು. “ಸರಿಯಾಯ್ತಾ ಅಕ್ಕ?”

“ಸರಿಯಾಗಿದೆ” ಎಂದೆ.

ಎರಡು ಪದವೂ ಅಲ್ಲ, ಒಂದೇ. ಅಷ್ಟು ಸುಲಭವಾಗಿ ಬಾಯಿಂದ ಬಂತು. ಆಮೇಲಿನ ದಿನಗಳಲ್ಲಿ ಅವಳು ಕೇಳಿದಾಗಲೆಲ್ಲ ಅದನ್ನೇ ಹೇಳಿದೆ. ಕೇಳದಿದ್ದಾಗ ನಾನೇ, “ಇನ್ನೊಂದ್ಸಲ ಮಾಡು, ಚೆನ್ನಾಗಿ ಕೂತ್ಕೊಳ್ಲಿ” ಎಂದು ಮಾಡಿಸಿದೆ. ತಪ್ಪು ಬೇರು ಬಿಟ್ಟು ಗಟ್ಟಿಯಾಗಲಿ ಎಂದು ನೀರೆರೆದವಳು ನಾನು. ಎಂದಾದರೊಂದು ದಿನ ಇವಳು ನಾಲ್ಕು ಜನರ ಮುಂದೆ ಎಡಗಾಲಿಟ್ಟು ನಗೆಪಾಟಲಾಗುತ್ತಾಳೆ ಎಂಬ ಒಂದು ಸುಖವನ್ನು ಒಳಗೇ ಇಟ್ಟುಕೊಂಡು ಓಡಾಡುತ್ತಿದ್ದೆ.

ಅದಕ್ಕೆ ಕಾಯಬೇಕಾಗಲಿಲ್ಲ, ನಾನೇ ದಾರಿ ಮಾಡಿದೆ. ಕಾರಣ ಅಜ್ಜಿ. ಗೆಜ್ಜೆ ಎಂದರೆ ಮೈಲಿಗೆ ಅನ್ನುತ್ತಿದ್ದ ಅದೇ ಅಜ್ಜಿ ಒಂದು ದಿನ ಹಿತ್ತಲ ಬಾಗಿಲಲ್ಲಿ ನಿಂತು ಅವಳು ಕುಣಿಯುವುದನ್ನು ನೋಡಿದರು. ನೋಡಿ ನಕ್ಕರು. “ಏ, ಬಾರೇ ಇಲ್ಲಿ” ಎಂದು ಅಮ್ಮನನ್ನು ಕರೆದು, “ಈ ಮಗೀನ ಕಾಲು ನೋಡೇ, ಒರಳಲ್ಲಿ ಒನಕೆ ಬಿದ್ದಂಗೆ ಬೀಳ್ತದೆ” ಎಂದರು. ನಾನೂ ಅಲ್ಲೇ ಕುಣಿಯುತ್ತಿದ್ದೆ. ನನ್ನ ಕಾಲು ಯಾವುದರ ಹಾಗೆ ಬೀಳುತ್ತದೆ ಎಂದು ಯಾರೂ ಹೇಳಲಿಲ್ಲ. “ಚಪ್ಪಡಿ ಏರುತಗ್ಗು ಅಜ್ಜಿ, ನಾನಿರೋ ಕಡೆ ಸರಿಯಾಗಿಲ್ಲ” ಎಂದೆ. ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, “ಕುಣಿಯಲಾರದೋಳು ನೆಲ ಡೊಂಕು ಅಂದ್ಳಂತೆ” ಎಂದರು. ಅಮ್ಮ ನಗಲಿಲ್ಲ, ಆದರೆ ರಾತ್ರಿ ಊಟಕ್ಕೆ ಬಡಿಸುವಾಗ ಅಪ್ಪನಿಗೆ, “ಹೆಂಗೂ ಜೊತೇಲಿ ಹೋಗ್ತಾಳೆ, ಅವಳನ್ನೂ ಸೇರಿಸಿಬುಟ್ರೆ ಆಯ್ತಲ್ಲ” ಎಂದರು. ಅಪ್ಪ ತಲೆಯಾಡಿಸಿದರು. ಅವಳು ತಟ್ಟೆಯಿಂದ ಮುಖ ಎತ್ತಲಿಲ್ಲ. ಕಿವಿ ಮಾತ್ರ ಕೆಂಪಗಾಗಿತ್ತು.

ಮುಂದಿನ ಬುಧವಾರ, ಮೇಷ್ಟ್ರು ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತ ಸ್ವಲ್ಪ ಪುರುಸೊತ್ತಿನಲ್ಲಿ ಇದ್ದಾಗ ನಾನು ಕೈಮುಗಿದು ಮುಂದೆ ಬಂದೆ. “ಮೇಷ್ಟ್ರೇ, ನಮ್ಮ ಚಿಕ್ಕಪ್ಪನ ಮಗಳು ಎಲ್ಲಾ ಕಲ್ತಿದಾಳೆ. ಒಂದ್ಸಲ ನೋಡ್ತೀರಾ? ಅವಳನ್ನೂ ಸೇರಿಸ್ಬೇಕು ಅಂತಿದಾರೆ ಮನೇಲಿ.”

ನನ್ನ ದನಿಯಲ್ಲಿ ಎಷ್ಟು ಅಕ್ಕರೆಯಿತ್ತೆಂದರೆ ಗೋಡೆಗೆ ಕೂತಿದ್ದ ಒಬ್ಬ ತಾಯಿ, “ಅಕ್ಕ ಅಂದ್ರೆ ಹೀಗಿರ್ಬೇಕು ಕಣ್ರೀ” ಎಂದು ಪಕ್ಕದವರಿಗೆ ಹೇಳಿದರು.

ಮೇಷ್ಟ್ರು ಅವಳನ್ನು ಕರೆದು ಮುಂದಿನ ಸಾಲಿನಲ್ಲಿ ವಕೀಲರ ಮಗಳ ಪಕ್ಕ ನಿಲ್ಲಿಸಿದರು. ಅವಳು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಇಳಿದಳು. ಕೋಲು ತಟ್ಟಿತು. ಎಲ್ಲರ ಬಲಗಾಲು, ಅವಳ ಎಡಗಾಲು. ಎರಡನೆಯ ಆವೃತ್ತಿಗೆ ಕೈ ಚಾಚುವಾಗ ಅವಳ ಎಡಗೈ ಹೋಗಿ ವಕೀಲರ ಮಗಳ ಬಲಗೈಗೆ ಪಟ್ಟನೆ ಬಡಿಯಿತು. ಬಳೆ ಒಡೆಯಿತು. ಹುಡುಗಿಯರು ಕಿಸಕ್ಕನೆ ನಕ್ಕರು. ನಾನು ನಗಲಿಲ್ಲ. ನಗುವನ್ನು ಒಳಗೆ ಹಿಡಿದು ನಿಂತಿದ್ದೆ, ಅದು ಇನ್ನೂ ರುಚಿ.

ಮೇಷ್ಟ್ರು ಕೋಲು ಕೆಳಗಿಟ್ಟರು. ಅವಳ ಕಾಲನ್ನು ನೋಡಿದರು, ಗೋಡೆಯ ಪಕ್ಕದ ಜಮಖಾನವನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ಮನೇಲಿ ಇಬ್ರೂ ಒಟ್ಟಿಗೆ ಅಭ್ಯಾಸ ಮಾಡ್ತೀರೇನಮ್ಮ?”

“ಹೂಂ ಮೇಷ್ಟ್ರೇ.”

“ಎಡಗಾಲು ಹಾಕ್ತಿದಾಳೆ ಅಂತ ನಿಂಗೆ ಕಾಣ್ಲಿಲ್ವೆ?”

ಕಾಣಲಿಲ್ಲ ಎಂದರೆ ದಡ್ಡಿ, ಕಂಡಿತು ಎಂದರೆ ಇನ್ನೇನೋ. ಅಷ್ಟರಲ್ಲಿ ಅವಳೇ ಅಂದಳು, ನೆಲ ನೋಡಿಕೊಂಡು, ಆದರೆ ಎಲ್ಲರಿಗೂ ಕೇಳುವಂತೆ. “ಅಕ್ಕ ದಿನಾ ಯೋಳ್ತಿದ್ಲು ಮೇಷ್ಟ್ರೇ. ನಂಗೇ ಬರ್ನಿಲ್ಲ.”

ನಾನು ಅವಳ ಜಡೆಯನ್ನು ನೋಡುತ್ತ ನಿಂತೆ. ಇವಳಿಗೆ ಗೊತ್ತು ಅನ್ನುವುದು ಆಗ ನನಗೆ ಗೊತ್ತಾಯಿತು. ಬಳೆ ಒಡೆದ ಗಳಿಗೆಯಲ್ಲಿ ಅವಳು ಎಲ್ಲವನ್ನೂ ಹಿಂದಿನಿಂದ ಕೂಡಿಸಿಕೊಂಡಿರಬೇಕು.

ಮೇಷ್ಟ್ರು ಹೂಂ ಅಂದರು. ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, “ಇಲ್ಲಿ ಬಾಮ್ಮ, ನನ್ನ ಪಕ್ಕ. ಅವರ ಕಡೆ ಮುಖ ಮಾಡಿ ನಿಂತ್ಕೊ. ಈಗ ಮಾಡು” ಎಂದು ಕೋಲು ಎತ್ತಿಕೊಂಡರು.

ನಾನು ಇವತ್ತಿಗೂ ಮರೆತಿಲ್ಲ. ಅವಳು ಎದುರು ನಿಂತು ಎಡಗಾಲು ತಟ್ಟಿದಳು, ನಾವು ಹದಿನಾಲ್ಕೂ ಜನ ಬಲಗಾಲು ತಟ್ಟಿದೆವು, ಎಲ್ಲ ಒಂದೇ ಕಡೆಗೆ ಹೋಯಿತು. ಅಲ್ಲಿಯವರೆಗೆ ಹೊಸ ಪಾಠವನ್ನು ವಕೀಲರ ಮಗಳು ನಮಗೆ ಬೆನ್ನು ತಿರುಗಿಸಿ ನಿಂತು ತೋರಿಸುತ್ತಿದ್ದಳು. ಬೆನ್ನು ನೋಡಿ ಕಾಲು ಕಲಿಯಬಹುದು, ಕೈಬೆರಳು ಕಾಣುವುದಿಲ್ಲ. ಎದುರು ತಿರುಗಿ ತೋರಿಸಿದರೆ ಅವಳ ಬಲ ನಮ್ಮ ಎಡವಾಗಿ ಚಿಕ್ಕ ಮಕ್ಕಳೆಲ್ಲ ಗಡಿಬಿಡಿಗೆ ಬೀಳುತ್ತಿದ್ದರು.

“ಎದುರು ನಿಂತು ಕಲಿಸೋರಿಗೆ ಎಡಗಾಲು ಬರ್ಬೇಕು” ಎಂದರು ಮೇಷ್ಟ್ರು. “ನಮ್ಮ ಗುರುಗಳು ನಂಗೆ ಅದನ್ನ ಹೊಡೆದು ಕಲಿಸಿದ್ರು, ಎರಡು ವರ್ಷ ಹಿಡೀತು. ಇವಳಿಗೆ ಕೂತಲ್ಲೇ ಬಂದುಬುಟ್ಟಿದೆ. ಇನ್ಮೇಲೆ ಇವಳೇ ತೋರಿಸ್ಲಿ. ಬಲಗಾಲೂ ಕಲಿಯಮ್ಮ, ನಿನ್ನ ಸ್ವಂತಕ್ಕೆ.”

ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುತ್ತಾರಲ್ಲ, ಇಲ್ಲಿ ದೈವ ಬೇಕಾಗಲೂ ಇಲ್ಲ. ನಾನೇ ನೀರೆರೆದು ಬೆಳೆಸಿದ ತಪ್ಪು ಅವಳನ್ನು ಎತ್ತಿ ಮೇಷ್ಟ್ರ ಪಕ್ಕ ನಿಲ್ಲಿಸಿತ್ತು.

ಮನೆಗೆ ಹಿಂತಿರುಗುವಾಗ ದೊಡ್ಡ ಗಡಿಯಾರದವರೆಗೆ ಬಂದೆವು. ಅಲ್ಲಿ ಜಟಕಾಗಳಿಗೆ ದಾರಿ ಬಿಡಲು ನಿಂತಾಗ ನಾನು ಕೇಳಿದೆ. “ಸುಳ್ಳು ಯಾಕೆ ಹೇಳ್ದೆ?”

“ಮೇಷ್ಟ್ರು ಬಯ್ದಿದ್ರೆ ನೀನು ನಾಟ್ಯ ಬುಟ್ಬುಡ್ತಿದ್ದೆ” ಎಂದಳು. “ನೀನು ಬುಟ್ರೆ ನನ್ನ ಯಾರು ಕಳಿಸ್ತಾರಕ್ಕ?”

ಅವಳು ನನ್ನ ಮೇಲಿನ ಪ್ರೀತಿಗೆ ಹಾಗೆ ಹೇಳಿದಳು ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ನನ್ನನ್ನು ನಾಚಿಸುವಷ್ಟು ಒಳ್ಳೆಯವಳು ಎಂದು ಅವಳ ಒಳ್ಳೆಯತನದ ಮೇಲೂ ಕಿಚ್ಚುಪಟ್ಟಿದ್ದೆ. ಅದಲ್ಲ. ಅವಳಿಗೆ ಕುಣಿಯಬೇಕಿತ್ತು. ನನಗೆ ಚಪ್ಪಾಳೆ ಬೇಕಿದ್ದುದಕ್ಕಿಂತ ಹೆಚ್ಚಾಗಿ ಅವಳಿಗೆ ಕುಣಿತ ಬೇಕಿತ್ತು. ಅದು ಇನ್ನೂ ಉರಿಯಿತು. ಜೊತೆಗೇ ಅವಳ ಕುಣಿತದ ಬೀಗದ ಕೈ ನನ್ನ ಸೊಂಟದಲ್ಲಿದೆ ಎಂಬುದನ್ನೂ ಅವಳೇ ನನಗೆ ತಿಳಿಸಿಕೊಟ್ಟಂತಾಯಿತು.

ಒಂದು ತಿಂಗಳು ಸಹಿಸಿದೆ. ವಾರಕ್ಕೆ ಎರಡು ಸಂಜೆ ಅವಳ ಮುಖ ನೋಡಿಕೊಂಡು ಕುಣಿಯಬೇಕು. ಅವಳು ಕಣ್ಣು ಬಲಕ್ಕೆ ಹೊರಳಿಸಿದರೆ ನಾನು ಎಡಕ್ಕೆ ಹೊರಳಿಸಬೇಕು. ಬಲಗಾಲು ಕಲಿ ಎಂದು ಮೇಷ್ಟ್ರು ಹೇಳಿದ್ದನ್ನು ಅವಳು ಎಂಟೇ ದಿನದಲ್ಲಿ ಕಲಿತು ಮುಗಿಸಿದ್ದಳು. ಈಗ ಎರಡೂ ಕಡೆಯಿಂದ ಬರುತ್ತಿತ್ತು. ಮನೆಯಲ್ಲಿ ಅಮ್ಮ ಅವಳಿಗೆಂದು ಹೊಸ ಲಂಗ ಹೊಲಿಸಿದರು, ನನ್ನ ಹಳೆಯದನ್ನಲ್ಲ. ಮೇಷ್ಟ್ರ ಮನೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸಿದಾಗ ಮಕ್ಕಳೆಲ್ಲ ಗೊಂಬೆಗಳ ಮುಂದೆ ಕುಣಿಯುವುದು ವಾಡಿಕೆ. ಎಲ್ಲರ ಮನೆಯವರೂ ಬರುತ್ತಾರೆ. ಮಕ್ಕಳಿಗೆ ಎದುರಾಗಿ ನಿಲ್ಲುವವಳೇ ಆವತ್ತು ಮೊದಲು ಒಬ್ಬಳೇ ನಮಸ್ಕಾರದ ನೃತ್ಯ ಮಾಡಬೇಕು. ಅದು ಅವಳೇ ಎಂದು ಮೇಷ್ಟ್ರು ಹೇಳಿದರು. ಆ ಭಾನುವಾರ ಮನೆಗೆ ಬರುವ ಹೊತ್ತಿಗೆ ನಾನು ನಿರ್ಧಾರ ಮಾಡಿದ್ದೆ.

ಬುಧವಾರ ಮಧ್ಯಾಹ್ನ ನನಗೆ ಹೊಟ್ಟೆನೋವು ಬಂತು. ಅಮ್ಮ, “ಸರಿ, ಇವತ್ತು ಇಬ್ರೂ ಹೋಗ್ಬೇಡಿ” ಎಂದರು. ಅಷ್ಟೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವಳು ಹೊಸ ಲಂಗ ಉಟ್ಟು ತಲೆ ಬಾಚಿಕೊಂಡು ನಿಂತಿದ್ದವಳು ಒಳಗೆ ಹೋಗಿ ಹಳೆಯದನ್ನು ಉಟ್ಟುಕೊಂಡು ಬಂದಳು.

ಹೊಟ್ಟೆನೋವಿನಲ್ಲಿ ನಾನು ಒಂದು ತಪ್ಪು ಮಾಡಿದೆ. ಅಜ್ಜಿಯ ಹತ್ತಿರ ಅದಕ್ಕೆ ಇದ್ದದ್ದು ಒಂದೇ ಮದ್ದು, ಹರಳೆಣ್ಣೆ. ಮೂಗು ಹಿಡಿದು ಕುಡಿಸಿದರು. ಮಾರನೆಯ ದಿನವಿಡೀ ಹಿತ್ತಲಿಗೆ ಓಡಾಡಿದೆ. ಭಾನುವಾರದಿಂದ ನೋವು ಕಾಲಿಗೆ ಇಳಿಯಿತು. ಕಾಲುನೋವಿಗೆ ಕುಡಿಯುವ ಮದ್ದಿಲ್ಲ, ಹಚ್ಚುವ ಎಣ್ಣೆಯಷ್ಟೇ. ಅಪ್ಪ ಅಂಗಡಿಯಿಂದ ಯಾವುದೋ ತೈಲ ತಂದುಕೊಟ್ಟರು. ಹಚ್ಚಿ ತಿಕ್ಕುವ ಕೆಲಸ ಅವಳಿಗೆ ಬಿತ್ತು.

ದಿನಾ ಸಂಜೆ ನಾನು ಪಡಸಾಲೆಯಲ್ಲಿ ಕಾಲು ಚಾಚಿ ಕೂರುತ್ತಿದ್ದೆ, ಅವಳು ಎದುರು ಕೂತು ತಿಕ್ಕುತ್ತಿದ್ದಳು. ಒಂದು ವಾರ, ಎರಡು ವಾರ. ಒಂದು ಮಾತಿಲ್ಲ, ಒಂದು ಗೊಣಗಾಟವಿಲ್ಲ. ಬಯ್ದಿದ್ದರೆ ತಿರುಗಿ ಬಯ್ಯಬಹುದಿತ್ತು. ಅಮ್ಮನಿಗೆ ಹೇಳಿಬಿಟ್ಟಿದ್ದರೆ ಅತ್ತು ರಂಪ ಮಾಡಬಹುದಿತ್ತು. ಮೂರನೆಯ ವಾರದ ಒಂದು ಸಂಜೆ ಏನೋ ವಿಚಿತ್ರವೆನಿಸಿ ಅವಳ ಕೈ ನೋಡಿದೆ. ಅವಳ ಹೆಬ್ಬೆರಳುಗಳು ನನ್ನ ಮೀನಖಂಡದ ಮೇಲೆ ತಾಳಕ್ಕೆ ಸರಿಯಾಗಿ ಇಳಿಯುತ್ತಿದ್ದವು. ಎಡ, ಬಲ, ಎಡ. ಅವಳಿಗೆ ಅದು ಗೊತ್ತಿರಲಿಲ್ಲ. ನಾನು ನೋಡುತ್ತಿರುವುದನ್ನು ಕಂಡು ಕೈ ನಿಲ್ಲಿಸಿದಳು.

“ಇನ್ನೆಷ್ಟು ದಿನ ನೋಯ್ತದಕ್ಕ?”

“ನಂಗೇನ್ ಗೊತ್ತು?”

“ಯೋಳ್ಬುಡು. ಇಷ್ಟು ದಿನ ಅಂತ ಯೋಳ್ಬುಟ್ರೆ ಕಾಯ್ತೀನಿ. ಸುಮ್ಕೆ ಕಾಯಾಕೆ ಆಗಲ್ಲ.”

ಅಳಲಿಲ್ಲ ಅವಳು. ಅಂಗಡಿಯಲ್ಲಿ ಸಾಮಾನು ಯಾವಾಗ ಬರುತ್ತೆ ಎಂದು ಕೇಳಿದ ಹಾಗೆ ಕೇಳಿದಳು. ನನಗೆ ಕಾಲಿನಲ್ಲಿ ನಿಜವಾಗಿ ಏನೋ ಚುಚ್ಚಿದಂತಾಯಿತು. ಕಾಲು ಎಳೆದುಕೊಂಡು, “ನಾಳೆ ಬುಧವಾರ. ಹೋಗೋಣ” ಎಂದೆ. ಅವಳು ಎಣ್ಣೆ ಬಟ್ಟಲನ್ನು ಎತ್ತಿಕೊಂಡು ಒಳಗೆ ಓಡಿದಳು.

ನಾವು ಹೋದಾಗ ಪಾಠ ಶುರುವಾಗಿತ್ತು. ಮೇಷ್ಟ್ರ ಪಕ್ಕ, ಮಕ್ಕಳಿಗೆ ಎದುರಾಗಿ, ವಕೀಲರ ಮಗಳು ನಿಂತಿದ್ದಳು. ಆರು ಪಾಠ ತಪ್ಪಿಸಿದವರಿಗೆ ಜಾಗ ಕಾದಿರುತ್ತದೆಯೇ? ನವರಾತ್ರಿಗೆ ಎಂಟು ದಿನ ಉಳಿದಿತ್ತು. ನಮ್ಮವಳು ಬಾಗಿಲಲ್ಲೇ ನಿಂತು ಅದನ್ನು ನೋಡಿದಳು. ಮೇಷ್ಟ್ರು ಕೋಲು ನಿಲ್ಲಿಸದೆ, “ಹಿಂದಿನ ಸಾಲಿಗೆ ಹೋಗಿ ಇಬ್ರೂ” ಎಂದರು.

ಹೋಗಿ ನಿಂತೆವು. ನನ್ನ ಪಕ್ಕದಲ್ಲಿ ಅವಳು. ನಾನು ಬೇಡಿದ್ದು ಇದೇ ತಾನೆ, ಅವಳು ನನ್ನ ಸಾಲಿಗೆ ಬರಬೇಕು ಎಂದು? ಬಂದಿದ್ದಳು. ಬಲಗಾಲು ಎಂದರೆ ಬಲಗಾಲು, ಎಲ್ಲರ ಜೊತೆ, ಒಂದೂ ತಪ್ಪಿಲ್ಲದೆ ತಟ್ಟುತ್ತಿದ್ದಳು. ಎದುರು ನಿಂತ ವಕೀಲರ ಮಗಳು ಮಾತ್ರ ತಿರುಗುವ ಕಡೆ ಬಂದಾಗಲೆಲ್ಲ ಒಂದು ಗಳಿಗೆ ತಡವರಿಸುತ್ತಿದ್ದಳು. ಎಡ ಹಾಕಬೇಕಾದಲ್ಲಿ ಬಲ ಹಾಕಿ, ನಾಲಿಗೆ ಕಚ್ಚಿಕೊಂಡು, ಬದಲಾಯಿಸುತ್ತಿದ್ದಳು. ಅವಳ ಜೊತೆ ಮುಂದಿನ ಸಾಲಿನ ಚಿಕ್ಕವರೆಲ್ಲ ತಪ್ಪುತ್ತಿದ್ದರು. ಆದರೂ ನವರಾತ್ರಿಯ ದಿನ ಗೊಂಬೆಗಳ ಮುಂದೆ ಮೊದಲು ನಿಲ್ಲುವವಳು ಅವಳೇ. ಚಪ್ಪಾಳೆ ಅವಳಿಗೇ.

ನನಗೆ ಹೊಟ್ಟೆ ಉರಿಯಿತು. ಉರಿ ನನಗೆ ಹೊಸದಲ್ಲ, ಅದರ ಎಲ್ಲ ದಾರಿಯೂ ನನಗೆ ಗೊತ್ತು. ಆದರೆ ಈ ಸಲ ಅದು ನನಗಾಗಿ ಉರಿಯುತ್ತಿರಲಿಲ್ಲ. ಆ ಜಾಗ ನನ್ನದಾಗಬೇಕಿತ್ತು ಎಂದು ನನಗೆ ಅನ್ನಿಸಲೇ ಇಲ್ಲ. ಅದು ನಮ್ಮವಳದು. ನಮ್ಮ ಹಿತ್ತಲಲ್ಲಿ, ನಮ್ಮ ಚಪ್ಪಡಿಯ ಮೇಲೆ ಕಲಿತವಳದು. ಅದರಲ್ಲಿ ಇನ್ನೊಬ್ಬಳು ನಿಂತು, ಅದೂ ತಪ್ಪುತಪ್ಪಾಗಿ ಕುಣಿಯುವುದನ್ನು ನೋಡಬೇಕಾಯಿತು. ಎರಡು ಆವೃತ್ತಿ ತಡೆದುಕೊಂಡೆ. ಮೂರನೆಯದಕ್ಕೆ ಸಾಲು ಬಿಟ್ಟು ಮುಂದೆ ಬಂದುಬಿಟ್ಟೆ.

“ಮೇಷ್ಟ್ರೇ, ಇವಳು ತಪ್ಪು ಮಾಡ್ತಿದಾಳೆ. ತಿರುಗೋವಾಗ ಬಲಗಾಲು ಹಾಕ್ತಿದಾಳೆ, ಎಡಗಾಲು ಹಾಕ್ಬೇಕು. ನಮ್ಮವಳನ್ನ ನಿಲ್ಸಿ, ಅವಳಿಗೆ ಸರಿಯಾಗಿ ಬರತ್ತೆ.”

ಕೋಲು ನಿಂತಿತು. ವಕೀಲರ ಮಗಳ ಕಣ್ಣಲ್ಲಿ ನೀರು ತುಂಬಿತು. ಮೇಷ್ಟ್ರು ಬಾಯಲ್ಲಿದ್ದ ಎಲೆಯಡಿಕೆಯನ್ನು ಪಕ್ಕದ ಪೀಕದಾನಿಗೆ ಉಗಿದು, ಬಾಯಿ ಒರೆಸಿಕೊಂಡು, ನನ್ನನ್ನು ನೋಡಿದರು. ಅವರು ಸಿಟ್ಟಾಗಿರಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

“ನಿಂಗೆ ತಪ್ಪು ಚೆನ್ನಾಗಿ ಕಾಣತ್ತೆ” ಎಂದರು. “ಆವತ್ತೂ ಕಂಡಿತ್ತು. ಈ ಬಾಯಿ ಆವತ್ತು ಎಲ್ಲಿತ್ತಮ್ಮ?”

ಉಳಿದ ಹುಡುಗಿಯರಿಗೆ ಇದು ಅರ್ಥವಾಗಲಿಲ್ಲ. ಮೇಷ್ಟ್ರು ಕೋಲನ್ನು ಎತ್ತಿಕೊಂಡು, “ಮೊದಲಿಂದ” ಎಂದು ವಕೀಲರ ಮಗಳಿಗೆ ಹೇಳಿದರು. ನಾನು ಹಿಂದಿನ ಸಾಲಿಗೆ ಬಂದು ನನ್ನ ಚಿಕ್ಕಪ್ಪನ ಮಗಳ ಮುಖ ನೋಡಿದೆ. ಅವಳು ಆಗಲೇ ಅರೆಮಂಡಿಗೆ ಇಳಿದು, ನೇರ ಮುಂದೆ ನೋಡುತ್ತ, ತಾಳಕ್ಕೆ ಕಾಯುತ್ತಿದ್ದಳು. ಈ ಸಲ ನನ್ನ ಪರವಾಗಿ ಅವಳು ಏನೂ ಹೇಳಲಿಲ್ಲ.